ತಾಂಡಾದ ಹೆಣ್ಣುಮಕ್ಕಳ ಜೊತೆ ಮಾತಿಗೆ ಕೂತದ್ದು: ಔರಾದ ಕಡೆಯ ಸೇವೆಯ ಅನುಭವ

ಬೀದರಿನಲ್ಲಿ ನಾನು ನರ್ಸ್. ನಮ್ಮ ಚರ್ಚಿನ ಸಭೆಯಿಂದ ಔರಾದ ತಾಲೂಕಿನ ತಾಂಡಾಗಳಿಗೆ, ಅಂದರೆ ಲಂಬಾಣಿಗರ ಊರುಗಳಿಗೆ, ಸೇವೆಗೆ ಹೋಗುವ ತಂಡವನ್ನು ಕರೆದೊಯ್ಯುವ ಜವಾಬ್ದಾರಿ ಬಹಳ ಕಾಲದಿಂದ ನನ್ನ ಮೇಲಿದೆ. ಬೆಂಗಳೂರು, ಮಂಗಳೂರಿನ ಸಭೆಗಳಿಂದಲೂ ಹುಡುಗ ಹುಡುಗಿಯರು ಬಂದು ಸೇರಿಕೊಳ್ಳುತ್ತಾರೆ. ಬಸ್ ಇಳಿದ ಕೂಡಲೇ ಅವರು ಕೇಳುವ ಪ್ರಶ್ನೆ, "ಅಕ್ಕಾ, ಅಲ್ಲಿ ಯಾವ ಭಾಷೆ?"

ಹಿಂದಿನ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ಉದಗೀರ, ನಿಲಂಗಾ ಈಗ ಮಹಾರಾಷ್ಟ್ರದಲ್ಲಿವೆ, ನಾರಾಯಣಖೇಡ, ಜಹೀರಾಬಾದ ತೆಲಂಗಾಣದಲ್ಲಿವೆ. ಗಡಿ ಬಿದ್ದರೂ ಕೊಟ್ಟು ತರುವ ಸಂಬಂಧ ನಿಲ್ಲಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಅತ್ತೆ ಲಂಬಾಣಿಯಲ್ಲೇ ಮಾತಾಡುತ್ತಾಳೆ, ಉದಗೀರ ಕಡೆಯ ಸೊಸೆಗೆ ಮರಾಠಿ ಸಲೀಸು, ನಾರಾಯಣಖೇಡ ಕಡೆಯ ಸೊಸೆಗೆ ತೆಲುಗು. ಗಂಡಸರಿಗೆ ಬಜಾರಿನ ದಖನಿ ಉರ್ದು ಬರುತ್ತದೆ, ಮಕ್ಕಳಿಗೆ ಶಾಲೆಯ ಕನ್ನಡ. ಯಾವ ಭಾಷೆ ಎಂದು ಕೇಳುವ ಮೊದಲು ಯಾರ ಜೊತೆ ಮಾತಾಡಬೇಕು ಎಂದು ಗೊತ್ತು ಮಾಡಿಕೊಳ್ಳಿ ಅಂತ ನಾನು ಅವರಿಗೆ ಹೇಳುತ್ತೇನೆ.

ಹೋಗುವ ಕಾಲ ಮುಖ್ಯ. ಕ್ರಿಸ್ಮಸ್ ರಜೆಯಲ್ಲಿ ಹೋದರೆ ತಾಂಡಾದಲ್ಲಿ ಸಿಗುವವರು ಮುದುಕರು, ಮಕ್ಕಳು ಮಾತ್ರ. ದೀಪಾವಳಿ ಮುಗಿದ ಮೇಲೆ ಗಟ್ಟಿ ಮೈಯವರೆಲ್ಲ ಕಬ್ಬು ಕಡಿಯಲು ಗಂಟುಮೂಟೆ ಕಟ್ಟಿಕೊಂಡು ಹೋಗಿರುತ್ತಾರೆ. ನಾವು ಮೇ ಕೊನೆಗೆ ಹೋಗುತ್ತೇವೆ. ಮಿರಗದ (ಮೃಗಶಿರ ಮಳೆಯ) ಬಿತ್ತನೆಗೆ ಎಲ್ಲರೂ ಮನೆಗೆ ಬಂದಿರುತ್ತಾರೆ, ಹೊಲದ ಕೆಲಸ ಇನ್ನೂ ಜೋರಾಗಿರುವುದಿಲ್ಲ.

ಮೊದಲು ತಾಂಡಾದ ಮುಖ್ಯಸ್ಥರಾದ ನಾಯಕರ ಮನೆ. ನಾಯಕರು, ಅವರಿಗೆ ನೆರವಾಗುವ ಕಾರಭಾರಿ ಇಬ್ಬರ ಎದುರೂ ನಾವು ಚರ್ಚಿನವರು, ಬಿ.ಪಿ., ಸಕ್ಕರೆ ಕಾಯಿಲೆ ನೋಡುತ್ತೇವೆ, ಮಕ್ಕಳಿಗೆ ಹಾಡು ಕಲಿಸುತ್ತೇವೆ, ಕೇಳಿದವರಿಗೆ ಮಾತ್ರ ಪ್ರಾರ್ಥನೆ ಮಾಡುತ್ತೇವೆ ಎಂದು ಬಿಚ್ಚಿ ಹೇಳುತ್ತೇನೆ. ಲಂಬಾಣಿಗರ ಸಂತ ಸೇವಾಲಾಲ್ ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂತೇ ಈ ಮಾತು ಆಗುತ್ತದೆ. ನಮ್ಮ ಗುರುತು ಮುಚ್ಚಿಟ್ಟು ಕಟ್ಟಿದ ಗೆಳೆತನ ನನಗೆ ಬೇಡ. ಕರ್ತನ ಹೆಸರಿನಲ್ಲಿ ಹೋಗುವವರು ಕಳ್ಳ ಹೆಜ್ಜೆ ಇಡಬಾರದು.

ದುಭಾಷಿಯ ಪ್ರಶ್ನೆ ಬರುವುದು ಇಲ್ಲಿ. ಯಾವ ತಾಂಡಾಕ್ಕೆ ಹೋದರೂ ಹತ್ತನೇ ಕ್ಲಾಸು ಓದಿದ ಚುರುಕು ಹುಡುಗನೊಬ್ಬ ಮುಂದೆ ಬಂದು ನಿಲ್ಲುತ್ತಾನೆ. ಕನ್ನಡ ಚೆನ್ನಾಗಿ ಬರುತ್ತದೆ, ಉತ್ಸಾಹವೂ ಇದೆ. ಗಂಡಸರ ಜೊತೆ ಮಾತಿಗೆ ಅವನು ಸರಿ. ಆದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಹೆಂಗಸರು ಮೊಣಕಾಲು ನೋವು, ಕೆಮ್ಮು ಬಿಟ್ಟು ಬೇರೇನೂ ಹೇಳುವುದಿಲ್ಲ. ಬಿಳಿಸೆರಗು, ಮುಟ್ಟಿನ ತೊಂದರೆ, ಗಂಡನ ಕುಡಿತ ಮಗನ ವಯಸ್ಸಿನ ಹುಡುಗನ ಮುಂದೆ ಬಾಯಿಗೆ ಬರುವ ಮಾತುಗಳಲ್ಲ. ತಾಯಿಯ ಕಾಯಿಲೆಯನ್ನು ಮಗಳ ಬಾಯಿಂದ ಹೇಳಿಸುವುದನ್ನಂತೂ ನಾನು ಒಪ್ಪುವುದೇ ಇಲ್ಲ, ಎಂಟು ಹತ್ತು ವರ್ಷದ ಮಗು ಹೊರಬೇಕಾದ ಭಾರ ಅದಲ್ಲ.

ಅದಕ್ಕೇ ನಾನು ನಡುವಯಸ್ಸಿನ ಸೊಸೆಯೊಬ್ಬಳನ್ನು ಹುಡುಕುತ್ತೇನೆ. ಹತ್ತು ಹದಿನೈದು ವರ್ಷ ಆ ತಾಂಡಾದಲ್ಲಿ ಬಾಳಿರಬೇಕು, ಸಂತೆಗೆ ಹೋಗಿ ಬಂದು ಕನ್ನಡವೋ ದಖನಿಯೋ ರೂಢಿಯಾಗಿರಬೇಕು, ಮುಖ್ಯವಾಗಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳು ಅಂತ ಉಳಿದ ಹೆಂಗಸರೇ ಹೇಳಬೇಕು. ಅವಳಿಗೆ ಆ ದಿನದ ಕೂಲಿ ಕೊಡುತ್ತೇವೆ. ಸೇವೆ ಎಂದು ಹೇಳಿ ಬಡವರ ದಿನವನ್ನು ಪುಕ್ಕಟೆ ತೆಗೆದುಕೊಳ್ಳಬಾರದು. ಕೂರುವಾಗ ಅವಳನ್ನು ನನ್ನ ಪಕ್ಕಕ್ಕಿಂತ ಆ ಹೆಂಗಸಿನ ಪಕ್ಕ ಕೂರಿಸುತ್ತೇನೆ. ನನ್ನ ಕಣ್ಣು ಆ ಹೆಂಗಸಿನ ಮುಖದ ಮೇಲೇ ಇರುತ್ತದೆ. "ಇವರಿಗೆ ಎಲ್ಲಿ ನೋವು ಅಂತ ಕೇಳು" ಎನ್ನದೆ, "ಯಾಡಿ (ಅವ್ವಾ), ಎಲ್ಲಿ ನೋಯ್ತದ?" ಎಂದು ನೇರ ಅವಳಿಗೇ ಕೇಳುತ್ತೇನೆ. ಸೊಸೆ ಅದನ್ನು ದಾಟಿಸುತ್ತಾಳೆ. ಮಾತು ತಿಳಿಯದಿದ್ದರೂ ತನ್ನನ್ನೇ ಕೇಳುತ್ತಿದ್ದಾರೆ ಎಂಬುದು ಆ ತಾಯಿಗೆ ಗೊತ್ತಾಗುತ್ತದೆ.

ಬಿ.ಪಿ. ನೋಡುವ ಕೆಲಸವನ್ನೇ ತೆಗೆದುಕೊಳ್ಳಿ. ವಯಸ್ಸಾದ ಲಂಬಾಣಿ ಹೆಂಗಸರ ಮೊಣಕೈ ಮೇಲೆ ಭುಜದವರೆಗೂ ಬಿಳಿ ಬಳೆಗಳ ಸಾಲು, ಪಟ್ಟಿ ಸುತ್ತಲು ಜಾಗವೇ ಇರುವುದಿಲ್ಲ. ಆ ಬಳೆ ಮುತ್ತೈದೆತನದ ಗುರುತು, ಗಂಡ ಸತ್ತಾಗ ತೆಗೆಯುವಂಥದ್ದು. ಹುಡುಗನೊಬ್ಬನ ಬಾಯಿಂದ "ಬಳೆ ತೆಗಿ" ಅನ್ನಿಸಿದರೆ ಆ ದಿನದ ಸಂಬಂಧ ಅಲ್ಲಿಗೇ ಮುಗಿಯಿತು. ನಾನು ಅವರನ್ನು ಚಾಪೆಯ ಮೇಲೆ ಮಲಗಿಸಿ, ಕಾಲಕಡಗವನ್ನು ತುಸು ಸರಿಸಿ, ಕಣಕಾಲಿನ ಮೇಲೆ ಪಟ್ಟಿ ಸುತ್ತುತ್ತೇನೆ. ಕಾಲಿನಲ್ಲಿ ಮೇಲಿನ ಅಂಕಿ ಕೈಗಿಂತ ಹೆಚ್ಚು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಚೀಟಿ ಬರೆಯಬೇಕು. ಹಾಗೆ ಮಲಗಿದ್ದ ಮುದುಕಿಯೊಬ್ಬಳು ಎದ್ದವಳೇ ನನ್ನ ಬೋಳು ಮುಂಗೈ ಹಿಡಿದು ನೋಡಿ, ಒಳಗೆ ಹೋಗಿ ಎರಡು ಗಾಜಿನ ಬಳೆ ತಂದು ತೊಡಿಸಿದಳು. ಕೆಲಸದ ಹೊತ್ತಿನಲ್ಲಿ ನಾವು ಕೈಗೆ ಏನೂ ಹಾಕುವುದಿಲ್ಲ. ಆ ಮಧ್ಯಾಹ್ನ ಮಾತ್ರ ಬಳೆ ಹಾಕಿಕೊಂಡೇ ಉಳಿದವರನ್ನು ನೋಡಿದೆ.

ಬೆಂಗಳೂರಿನಿಂದ ಬರುವ ತಮಿಳು, ಮಲಯಾಳಿ ಮಕ್ಕಳದು ಬೇರೆ ಕಷ್ಟ. ಅವರ ಇಂಗ್ಲಿಷು ನನ್ನ ಕನ್ನಡಕ್ಕೆ, ನನ್ನ ಕನ್ನಡ ಸೊಸೆಯ ಲಂಬಾಣಿಗೆ ಬರುವಷ್ಟರಲ್ಲಿ ಮಾತಿನ ಜೀವ ಹೋಗಿರುತ್ತದೆ. ನಡುವೆ ಒಬ್ಬರಿಗಿಂತ ಹೆಚ್ಚು ಬೇಕಾದರೆ ಮಾತೇ ಬೇಡ, ಕೈಗೆ ಕೆಲಸ ತೆಗೆದುಕೊಳ್ಳಿ ಎನ್ನುತ್ತೇನೆ. ಶೇಂಗಾ ಸುಲಿಯಬಹುದು, ಬೆಳ್ಳುಳ್ಳಿ ಬಿಡಿಸಬಹುದು, ರೊಟ್ಟಿ ಬಡಿಯಲು ಕೂರಬಹುದು. ಒಬ್ಬ ಹುಡುಗಿ ಇಡೀ ಮಧ್ಯಾಹ್ನ ಅಜ್ಜಿಯೊಬ್ಬಳ ಹತ್ತಿರ ಕಾಂಚಳಿಗೆ, ಅಂದರೆ ಲಂಬಾಣಿ ರವಿಕೆಗೆ, ಕನ್ನಡಿ ಕೂರಿಸುವ ಹೊಲಿಗೆ ಕಲಿತಳು. ಅಜ್ಜಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿಸುವಳು, ಬೆರಳು ಹಿಡಿದು ಸೂಜಿ ತಿರುಗಿಸುವಳು. ಸಂಜೆ ಊಟಕ್ಕೆ ಅಜ್ಜಿ ಕರೆದದ್ದು ಆ ಹುಡುಗಿಯನ್ನು, ಅವಳ ಹಿಂದೆ ನಾವೂ ಹೋದೆವು. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕೊಟ್ಟದ್ದನ್ನು ಕೂತು ಉಣ್ಣಬೇಕು, ನಾವು ತಂದ ಬಿಸ್ಕೀಟಿನ ಪೊಟ್ಟಣ ಚೀಲದಲ್ಲೇ ಇರಲಿ.

ಮೊದಲ ದಿನವೇ ಸಾಕ್ಷಿ ಹೇಳಬೇಕು, ಅಂದರೆ ತಮ್ಮ ನಂಬಿಕೆಯ ಅನುಭವ ಸಾರಬೇಕು ಎಂದು ಆತುರಪಡುವ ಯುವಕರಿಗೆ ನಾನು ಬಳ್ಳಾರಿಯ ಮಿಶನರಿ ಜಾನ್ ಹ್ಯಾಂಡ್ಸ್ ಅವರನ್ನು ನೆನಪಿಸುತ್ತೇನೆ. 1810ರಲ್ಲಿ ಬಳ್ಳಾರಿಗೆ ಬಂದವರು. ಕನ್ನಡದ ಇಡೀ ಸತ್ಯವೇದ (ಬೈಬಲ್) ಅಚ್ಚಾದದ್ದು 1831ಕ್ಕೆ. ನಮ್ಮ ಭಾಷೆಗಾಗಿ ಅವರು ಅಷ್ಟು ವರ್ಷ ಕೂತಿದ್ದರಿಂದ ನಾವಿಂದು ಅದನ್ನು ಕನ್ನಡದಲ್ಲಿ ಓದುತ್ತೇವೆ. ಲಂಬಾಣಿಗೆ ತನ್ನದೇ ಲಿಪಿಯಿಲ್ಲ, ಆದ್ದರಿಂದ ಹೆಂಗಸರು ಹಾಡುವ ಹಾಡುಗಳನ್ನು ನಾವು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮುಂದಿನ ಸಲ ಹೋದಾಗ ಅವರ ಜೊತೆ ಹಾಡುತ್ತೇವೆ. ಉಚ್ಚಾರ ತಿದ್ದುವವರು ಮಕ್ಕಳು.

ಊರಿಗೆ ಮರಳಿದ ಮೇಲೆ ಸಂಬಂಧ ನಡೆಯುವುದು ವಾಟ್ಸಾಪಿನ ಧ್ವನಿ ಸಂದೇಶದಲ್ಲಿ, ಏಕೆಂದರೆ ಆ ತಾಯಂದಿರಿಗೆ ಓದು ಬರುವುದಿಲ್ಲ. ಬೀದರಿನ ಆಸ್ಪತ್ರೆಗೆ ಬಂದರೆ ಮೊದಲು ನನಗೇ ಫೋನು. ಚೀಟಿ ಮಾಡಿಸುವಲ್ಲಿಂದ ಔಷಧಿ ಕೊಡುವ ಕಿಟಕಿಯವರೆಗೆ ನಮ್ಮ ಸ್ತ್ರೀಯರ ಕೂಟದವರು ಯಾರಾದರೊಬ್ಬರು ಜೊತೆಗಿರುತ್ತಾರೆ, ಅಲ್ಲಿ ಅವರಿಗೆ ನಾವು ದುಭಾಷಿಗಳು. ಈ ಮೇ ತಿಂಗಳ ತಂಡಕ್ಕೆ ಹುಡುಗರು ಸಾಕಷ್ಟು ಹೆಸರು ಕೊಟ್ಟಿದ್ದಾರೆ. ಮರಾಠಿಯೋ ತೆಲುಗೋ ಬರುವ ಹೆಣ್ಣುಮಕ್ಕಳು ಇನ್ನೂ ಬೇಕು.