ಕೆಡವಿದ ಮನೆಯ ಜಂತೆಯಿಂದ ಒಂದು ಬೆಂಚು, ಎರಡು ಮಣೆ

ನಮ್ಮ ಪಾಂಡವಪುರದ ಕಡೆ ಒಂದು ನಾಡಹೆಂಚಿನ ಮನೆ ಕೆಡವಿದರು ಅಂದರೆ ಆ ಮನೆಯವರ ಹಂಡೆ ಒಲೆಗೆ ಒಂದು ವರ್ಷ ಸೌದೆ ಚಿಂತೆ ಇಲ್ಲ. ಬಾಗಿಲು, ಕಂಬ, ತೊಲೆಗೆ ಹೇಗೋ ಗಿರಾಕಿ ಸಿಗುತ್ತಾರೆ. ಚಾವಣಿಯ ಅಡ್ಡಮರ ಅಂದರೆ ಜಂತೆ, ಹೆಂಚಿನ ಕೆಳಗಿನ ತೆಳು ಪಟ್ಟಿ ಅಂದರೆ ರೀಪು, ಅಟ್ಟದ ಹಲಗೆ ಮಾತ್ರ ನೇರ ಒಲೆಗೆ. ಎಷ್ಟೋ ವರ್ಷ ಅಡುಗೆಮನೆ ಹೊಗೆ ಕುಡಿದು ಗಟ್ಟಿಯಾದ ಮರ ಅದು. ಅದರಲ್ಲಿ ಸ್ನಾನದ ನೀರು ಕಾಯಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಅಂಥ ಎಂಟು ಜಂತೆ, ಒಂದು ಅಟ್ಟದ ಹಲಗೆ ಕೇಳಿ ತಂದೆ. ಊರಿನ ಹಾಲಿನ ಡೇರಿ ಮುಂದೆ ಒಂದು ಬೆಂಚು, ಮನೆಗೆ ಎರಡು ಮಣೆ ಆಯಿತು. ನಾನು ಆಚಾರಿ ಅಲ್ಲ, ಬರೀ ಭಾನುವಾರದ ಬಡಗಿ. ಆದ್ದರಿಂದ ಇದು ಯಾರ ಕೈಗಾದರೂ ಆಗುವ ಕೆಲಸವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಚಿತ್ರ ನೋಡಿಕೊಂಡು ಮರ ಹುಡುಕಲು ಹೋಗಬೇಡಿ. ಮರ ನೋಡಿ, ಆಮೇಲೆ ಏನು ಮಾಡುವುದು ಅಂತ ಯೋಚಿಸಿ. ನನಗೆ ಏಳಡಿ ಬೆಂಚು ಮಾಡುವ ಆಸೆ ಇತ್ತು, ಜಂತೆಗಳೂ ಎಂಟಡಿ ಇದ್ದವು, ಆದರೆ ಮಣ್ಣಿನ ಗೋಡೆಯೊಳಗೆ ಕೂತಿದ್ದ ಎರಡೂ ತುದಿಗಳನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು, ಅಷ್ಟನ್ನೂ ಕತ್ತರಿಸಿ ಎಸೆದ ಮೇಲೆ ಉಳಿದದ್ದು ಐದೂವರೆ ಅಡಿ. ಸರಿ, ಐದಡಿ ಬೆಂಚು.

ಮೈಸೂರಿನಲ್ಲಿ ಇರುವವರಿಗೆ ಅಗ್ರಹಾರ, ದೇವರಾಜ ಮೊಹಲ್ಲಾ ಕಡೆ ಹಳೇ ಮನೆ ಕೆಡವುತ್ತಿದ್ದರೆ ಅಲ್ಲೇ ಮೇಸ್ತ್ರಿಯನ್ನು ಕೇಳುವುದು ಒಳ್ಳೆಯದು. ಗುಜರಿಗೆ ಹೋದ ಮೇಲೆ ರೇಟು ಜಾಸ್ತಿ. ಘನ ಅಡಿ ಲೆಕ್ಕದಲ್ಲಿ ಮಾರಿದರೆ ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 3 ಇಂಚು, 4 ಇಂಚು, 10 ಅಡಿ ಇದ್ದರೆ 0.83 ಘನ ಅಡಿ. ಈ ಲೆಕ್ಕ ಬಾಯಲ್ಲಿದ್ದರೆ ಯಾರೂ ಟೋಪಿ ಹಾಕುವುದಿಲ್ಲ. ತೇಗ, ಬೀಟೆ ತಂದರೆ ಎಲ್ಲಿಂದ ತಂದದ್ದು ಅಂತ ಕೊಟ್ಟವರಿಂದ ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿ.

ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳ ಕಡೆಯಿಂದ ಬರುವ ಪ್ಯಾಕಿಂಗ್ ಪ್ಯಾಲೆಟ್, ಅಂದರೆ ಸರಕು ಇಟ್ಟು ಸಾಗಿಸುವ ಮರದ ಚೌಕಟ್ಟು, ಕೂಡ ಆಗುತ್ತದೆ. ವಿದೇಶಕ್ಕೆ ಓಡಾಡಿದ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ. ಎಚ್‌ಟಿ (HT) ಅಂತಿದ್ದರೆ ಬಿಸಿ ಮಾಡಿದ ಮರ, ತರಬಹುದು. ಎಂಬಿ (MB) ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಹಾಯಿಸಿದ್ದು, ಬಿಟ್ಟುಬಿಡಿ.

ಮರ ತಂದ ತಕ್ಷಣ ಗರಗಸ ಹಿಡಿಯಬೇಡಿ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡೊಬ್ ಅಂದರೆ ಒಳಗೆ ಖಾಲಿ. ಸಣ್ಣ ಸಣ್ಣ ತೂತಿನಿಂದ ರಾಗಿ ಹಿಟ್ಟಿನಷ್ಟು ನಯವಾದ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಇನ್ನೂ ಇದೆ ಅಂತ ಅರ್ಥ. ಅದು ಮಾತ್ರ ಒಲೆಗೇ ಹೋಗಲಿ.

ಆಮೇಲೆ ಮೊಳೆ. ಮೊದಲ ಸಲ ನಾನು ಗೆಳೆಯನ ಕರೆಂಟ್ ಗರಗಸ ಸಾಲ ತಂದು, ಕಣ್ಣಿಗೆ ಕಂಡ ಮೊಳೆಗಳನ್ನಷ್ಟೇ ಕಿತ್ತು, ಜೋರಾಗಿ ಕುಯ್ಯಲು ಹೋದೆ. ತಲೆ ಮುರಿದು ಒಳಗೇ ಕೂತಿದ್ದ ಒಂದು ತುಕ್ಕು ಮೊಳೆ ಸಿಕ್ಕಿತು, ಬ್ಲೇಡಿನ ಮೂರು ಹಲ್ಲು ಹಾರಿದವು. ಹೊಸ ಬ್ಲೇಡ್ ಕೊಡಿಸಿದೆ, ಬೈಸಿಕೊಂಡೆ. ಈಗ ಹಾಳಾದ ಸ್ಪೀಕರಿನಿಂದ ತೆಗೆದ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೇಲೆ ನಿಧಾನ ಎಳೆಯುತ್ತೇನೆ. ಮೊಳೆ ಇದ್ದ ಕಡೆ ಅದು ತಟಕ್ಕನೆ ಅಂಟಿಕೊಳ್ಳುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಕ್ಕಳಕ್ಕೆ ಸಿಗದಿದ್ದರೆ ಉಳಿಯಿಂದ ಸುತ್ತ ಕೆತ್ತಿ ತೆಗೆಯಿರಿ. ಬೇಜಾರಿನ ಕೆಲಸ. ನನಗೆ ಎಂಟು ಜಂತೆಗೆ ಒಂದು ಇಡೀ ಭಾನುವಾರ ಹಿಡಿಯಿತು.

ಹಳೇ ಬಣ್ಣ ಇದ್ದರೆ ಒಣಗಿದ್ದನ್ನು ಉಜ್ಜಲೇಬೇಡಿ. ಆ ಕಾಲದ ಎನಾಮಲ್‌ನಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನುವ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಹೆರೆಯಿರಿ, ಮಕ್ಕಳನ್ನು ದೂರ ಇಡಿ. ಊಟದ ಮಣೆಗಂತೂ ಬಣ್ಣ ಬಳಿದ ಮರ ಬೇಡವೇ ಬೇಡ.

ಯಾವ ಮರ ಅಂತ ಗೊತ್ತಾಗಬೇಕಾ? ಹತ್ತರಿಯಿಂದ ಒಂದು ಸಿಪ್ಪೆ ತೆಗೆಯಿರಿ. ತೇಗಕ್ಕೆ ಚರ್ಮದಂಥ ವಾಸನೆ, ಮುಟ್ಟಿದರೆ ಜಿಡ್ಡು. ಹಲಸು ಹಳದಿ. ಹೊನ್ನೆ ಚಕ್ಕೆಯನ್ನು ಲೋಟ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರು ನೀಲಿಯಾಗಿ ಮಿನುಗುತ್ತದೆ. ಇದನ್ನು ಸುಮ್ನೆ ಮಜಾಕ್ಕಾದರೂ ಮಾಡಿ ನೋಡಿ.

ಇನ್ನು ಬೆಂಚು. ಮೂರು ಜಂತೆಗಳನ್ನು ನಾಲ್ಕಿಂಚಿನ ಮುಖ ಮೇಲೆ ಬರುವಂತೆ ಪಕ್ಕಪಕ್ಕ ಇಡಿ, ನಡುವೆ ಅರ್ಧ ಇಂಚು ಸಂದು ಬಿಡಿ, ಮಳೆ ನೀರು ಇಳಿದುಹೋಗಲಿ. ಒಟ್ಟು 13 ಇಂಚು ಅಗಲ ಆಯಿತು. ಕಾಲು ಹದಿನಾಲ್ಕೂವರೆ ಇಂಚು, ಅದರ ಮೇಲೆ ಜಂತೆಯ ದಪ್ಪ ಮೂರು, ಸೇರಿ ಹದಿನೇಳೂವರೆ. ಮಂಡಿ ನೋವಿರುವ ಅಜ್ಜಿಯರಿಗೆ ಏಳಲು ಇದೇ ಸರಿಯಾದ ಎತ್ತರ. ಎರಡು ಕಾಲಿಗೆ ಒಂದು ಅಡ್ಡಪಟ್ಟಿ ಇಟ್ಟು ಬೋಲ್ಟ್ ಹಾಕಿ, ಒಂದೊಂದು ಕಾಲಿಗೆ ಎರಡೆರಡು. ಒಂದೇ ಹಾಕಿದರೆ ಕಾಲು ತಿರುಗುತ್ತದೆ. ಹೀಗೆ ಎರಡು ಜೋಡಿ ಕಾಲು ಮಾಡಿ, ಅವೆರಡನ್ನೂ ಕೆಳಗೆ ಒಂದು ಉದ್ದ ಪಟ್ಟಿಯಿಂದ ಕಟ್ಟಿ. ಇದನ್ನು ಬಿಟ್ಟರೆ ತಿಂಗಳಲ್ಲಿ ಬೆಂಚು ಓಲಾಡುತ್ತದೆ. ಮೇಲಿನ ಜಂತೆಗಳನ್ನು ಅಡಿಯಿಂದಲೇ ಎಲ್ ಪಟ್ಟಿ, ಸ್ಕ್ರೂ ಹಾಕಿ ಹಿಡಿಸಿ, ಮೇಲಿಂದ ತೂತು ಹೊಡೆದರೆ ನೀರು ಅಲ್ಲೇ ಕೂತು ಕೊಳೆಯುತ್ತದೆ. ಹಳೇ ಮರಕ್ಕೆ ಸ್ಕ್ರೂ ನೇರ ಇಳಿಯುವುದಿಲ್ಲ. ಮೊದಲು ಸಣ್ಣ ತೂತು ಕೊರೆದು, ಸ್ಕ್ರೂವನ್ನು ಸೋಪಿಗೆ ಉಜ್ಜಿ ತಿರುಗಿಸಿ.

ಮಣೆ ಸುಲಭ. ಒಂದಡಿ ಅಗಲದ ಹಲಗೆ, ಕೆಳಗೆ ಅಡ್ಡಕ್ಕೆ ಎರಡು ರೀಪು. ಗೋಂದು ಮಾತ್ರ ರೀಪಿನ ಪೂರ್ತಿ ಬಳಿಯಬೇಡಿ, ನಡುವೆ ಎರಡು ಇಂಚು ಸಾಕು. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಪೂರ್ತಿ ಅಂಟಿಸಿದರೆ ಸೀಳಿಬಿಡುತ್ತದೆ. ನನ್ನ ಮೊದಲ ಮಣೆ ಹಾಗೇ ಹೋಯಿತು.

ಉಪ್ಪುಕಾಗದದಲ್ಲಿ ಅಂಚುಗಳನ್ನು ಚೆನ್ನಾಗಿ ದುಂಡಗೆ ಮಾಡಿ, ಹೊಗೆಯ ಕಪ್ಪನ್ನು ಪೂರ್ತಿ ತೆಗೆಯಬೇಡಿ, ಅದೇ ಚೆಂದ. ಆಮೇಲೆ ಎರಡು ಸಲ ಅಗಸೆ ಎಣ್ಣೆ. ಉಳಿದ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಬೆಂಚಿನ ಕಾಲುಗಳನ್ನು ಮಣ್ಣಿನಲ್ಲಿ ಹೂಳದೆ ನಾಲ್ಕು ಚಪ್ಪಡಿ ಚೂರಿನ ಮೇಲೆ ನಿಲ್ಲಿಸಿದ್ದೇವೆ. ಬೆಳಿಗ್ಗೆ ಆರಕ್ಕೆ ಡೇರಿ ಹತ್ತಿರ ಹೋದರೆ ಅದರ ಮೇಲೆ ಜನರಿಗಿಂತ ಹಾಲಿನ ಕ್ಯಾನುಗಳೇ ಜಾಸ್ತಿ, ಸರದಿ ಹಿಡಿದು ಕೂತಿರುತ್ತವೆ. ಇನ್ನೂ ಎರಡು ಜಂತೆ ಉಳಿದಿವೆ, ಕ್ಯಾನಿಗೇ ಬೇರೆ ಕಟ್ಟೆ ಮಾಡಿಕೊಡು ಅಂತಿದ್ದಾರೆ.