ಹಳೇ ದೂರದರ್ಶನ ಕ್ಯಾಸೆಟ್ ಯಾವ ಕಾಲದ್ದು ಅಂತ ಪತ್ತೆ ಹಚ್ಚೋದು ಹೇಗೆ

ಅಟ್ಟದ ಮೇಲೆ ಹಳೇ ವಿಎಚ್‌ಎಸ್ ಕ್ಯಾಸೆಟ್ (ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡ್ತಿದ್ದ ವಿಡಿಯೋ ಟೇಪ್) ಸಿಕ್ತಾ? ತಕ್ಷಣ ಪ್ಲೇಯರ್‌ಗೆ ಹಾಕ್ಬೇಡಿ ಪ್ಲೀಸ್. ಮೊದಲು ಕಿಟಕಿ ಥರ ಇರೋ ಪ್ಲಾಸ್ಟಿಕ್ ಒಳಗೆ ನೋಡಿ, ಟೇಪ್ ಮೇಲೆ ಬಿಳಿ ಬೂಷ್ಟು ಕಂಡ್ರೆ ಕ್ಲೀನ್ ಮಾಡಿಸದೆ ಓಡಿಸ್ಲೇಬಾರ್ದು, ಪ್ಲೇಯರಲ್ಲಿ ಟೇಪ್ ಓದೋ ಹೆಡ್ಡೂ ಹಾಳಾಗುತ್ತೆ. ಆಮೇಲೆ ಅಂಚಲ್ಲಿರೋ ಸಣ್ಣ ಪ್ಲಾಸ್ಟಿಕ್ ಟ್ಯಾಬ್ ಮುರಿದುಬಿಡಿ, ಆಗ ತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗೋ ಭಯ ಇಲ್ಲ.

ಈಗ ಕಾಲ ಹುಡುಕೋದು. ದೂರದರ್ಶನ ದೆಹಲೀಲಿ 1959ರ ಸೆಪ್ಟೆಂಬರ್ 15ಕ್ಕೇ ಶುರುವಾದ್ರೂ 1976ರವರೆಗೆ ಆಕಾಶವಾಣಿ ಜೊತೇಲೇ ಇತ್ತು, ನಮ್ಮ ಬೆಂಗಳೂರು ಕೇಂದ್ರ ಬಂದಿದ್ದು 1981ರಲ್ಲಿ, ಕಲರ್ ಬಂದಿದ್ದು 1982ರ ಏಷ್ಯನ್ ಗೇಮ್ಸ್ ವರ್ಷ, ಹಾಗಾಗಿ ಕಲರ್ ಪ್ರಸಾರ ಇದ್ರೆ 1982ರದ್ದು ಇಲ್ಲಾ ಆಮೇಲಿನದ್ದೇ. ಮನೇಲಿ ಬ್ಲಾಕ್ ಅಂಡ್ ವೈಟ್ ಟಿವಿ ಇತ್ತು ಅನ್ನೋದನ್ನ ಲೆಕ್ಕಕ್ಕೆ ತಗೋಬೇಡಿ, ಟೇಪಲ್ಲಿ ಬಣ್ಣ ಇರಬಹುದು.

ಸೀರಿಯಲ್ ಸಿಕ್ರೆ ಇನ್ನೂ ಸುಲಭ: ಹಮ್ ಲೋಗ್ ಶುರುವಾಗಿದ್ದು 1984, ರಾಮಾಯಣ 1987ರ ಜನವರಿಯಿಂದ. ಆದ್ರೆ ಮರುಪ್ರಸಾರಾನೂ ಆಗಿರುತ್ತೆ, ಅದಕ್ಕೇ ನಾನು ಜಾಸ್ತಿ ನಂಬೋದು ನಡುವೆ ಬರೋ ಜಾಹೀರಾತು, ವಾರ್ತೆ. ವಾರ್ತೇಲಿ ಪ್ರಧಾನಿ ಯಾರು, ಮುಖ್ಯಮಂತ್ರಿ ಯಾರು ಅಂತ ಕೇಳಿದ್ರೆ ಸಾಕು, ಯಾವ ವರ್ಷಗಳ ನಡುವಿನದ್ದು ಅಂತ ಗೊತ್ತಾಗುತ್ತೆ. ಡಿಜಿಟಲ್ ಮಾಡುವಾಗ ಈ ಜಾಹೀರಾತುಗಳನ್ನ ದಯವಿಟ್ಟು ಕತ್ತರಿಸ್ಬೇಡಿ, ಸೀರಿಯಲ್ ಬೇರೆ ಕಡೆ ಸಿಗಬಹುದು, ಆ ಸಂಜೆ ನಿಮ್ಮ ಟೇಪಲ್ಲಿ ಮಾತ್ರ ಉಳಿದಿರಬಹುದು.