ಕಬ್ಬಿನ ಫಡದಲ್ಲಿ ಕಾಡುಮರಿ ಸಿಕ್ಕಾಗ ಮಾಡಬೇಕಾದದ್ದು

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ಕಟಾವು ಶುರುವಾಯಿತೆಂದರೆ ಫಡದ ನಡುವೆ ಕಾಡುಬೆಕ್ಕಿನ ಮರಿಗಳು ಕಣ್ಣಿಗೆ ಬೀಳತೊಡಗುತ್ತವೆ. ಆಳೆತ್ತರ ಬೆಳೆದ ಕಬ್ಬಿನೊಳಗೆ ಇಲಿಗಳು ಹೇರಳವಾಗಿರುತ್ತವೆ, ಜನರ ಓಡಾಟ ಕಡಿಮೆ ಇರುತ್ತದೆ. ಹಾಗಾಗಿ ತಾಯಿಬೆಕ್ಕು ಅಲ್ಲಿಯೇ ಮರಿ ಹಾಕುತ್ತದೆ. ಮರಿಗಳನ್ನು ಕಂಡವರು ಚಿರತೆಯ ಮರಿಗಳೆಂದು ಗಾಬರಿಯಾಗುತ್ತಾರೆ, ವಾಟ್ಸಾಪ್‌ನಲ್ಲಿ ಫೋಟೊ ಹರಿದಾಡಿ ಊರಿನ ಜನವೆಲ್ಲ ಸೇರುತ್ತದೆ, ಪಕ್ಕದ ಹೊಲದಲ್ಲಿ ಅಡಗಿರುವ ತಾಯಿ ಮರಳಿ ಬರಲಾಗದೆ ಉಳಿಯುತ್ತದೆ. ಇಂಥ ಮರಿಗಳಲ್ಲಿ ಹೆಚ್ಚಿನವು ಸಿಕ್ಕಾಗ ಅನಾಥವಾಗಿರುವುದಿಲ್ಲ. ಎತ್ತಿಕೊಂಡು ಮನೆಗೆ ಒಯ್ದಾಗಲೇ ಅನಾಥವಾಗುತ್ತವೆ.

ಚಿರತೆಯ ಮರಿಗೆ ಮೈತುಂಬ ಒತ್ತೊತ್ತಾದ ಕಪ್ಪು ಚುಕ್ಕೆಗಳೂ ಚುಕ್ಕೆಯುಳ್ಳ ಉದ್ದನೆಯ ಬಾಲವೂ ಇರುತ್ತವೆ. ಕಾಡುಬೆಕ್ಕಿನ ಮರಿಯ ಮೈ ಕಂದು ಅಥವಾ ಬೂದು, ಕಾಲುಗಳ ಮೇಲೆ ಮಸುಕಾದ ಪಟ್ಟೆಗಳು, ಬಾಲ ಗಿಡ್ಡ, ಅದರ ತುದಿಯ ಬಳಿ ಕಪ್ಪು ಬಳೆಗಳು. ಅನುಮಾನವಿದ್ದರೆ ಚಿರತೆಯೆಂದೇ ತಿಳಿದು ಎಲ್ಲರೂ ಗುಂಪಾಗಿ ಫಡದಿಂದ ಹೊರಬರಬೇಕು, ಏಕೆಂದರೆ ತಾಯಿ ಹತ್ತಿರದಲ್ಲೇ ಇದ್ದೀತು. ಯಾವುದೇ ಮರಿಯಾದರೂ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು.

ಸಿಬ್ಬಂದಿ ಬರುವವರೆಗೆ ಮರಿಗಳ ಸುತ್ತಲಿನ ಕಬ್ಬನ್ನು ಕಡಿಯದೆ ಬಿಟ್ಟು, ಕಟಾವಿನ ಗ್ಯಾಂಗಿನವರನ್ನು ಇನ್ನೊಂದು ಬದಿಗೆ ಕಳಿಸಿ. ರವದಿಗೆ, ಅಂದರೆ ಕಬ್ಬಿನ ಒಣಗಿದ ಗರಿಗೆ, ಬೆಂಕಿ ಹಚ್ಚುವುದನ್ನಂತೂ ಕಡ್ಡಾಯವಾಗಿ ನಿಲ್ಲಿಸಿ. ಆ ತುಂಡು ಕಬ್ಬನ್ನು ಒಂದು ರಾತ್ರಿ ಉಳಿಸಿದರೂ ಸಾಕು, ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸಬಹುದು. ಉಳಿಸುವುದು ಸಾಧ್ಯವೇ ಇಲ್ಲವಾದರೆ ತಾಯಿ ಬಂದು ಒಯ್ಯಲೆಂದು ಸಿಬ್ಬಂದಿಯ ಸಮ್ಮುಖದಲ್ಲಿ ಮರಿಗಳನ್ನು ಬುಟ್ಟಿಯಲ್ಲಿ ಇಡಬೇಕಾಗುತ್ತದೆ. ಬುಟ್ಟಿಯ ಅಂಚು ಮರಿ ತೆವಳಿ ಹೊರಬೀಳದಷ್ಟು ಎತ್ತರವಿರಬೇಕು, ತಾಯಿಯ ಬಾಯಿಗೆ ಎಟುಕುವಷ್ಟು ತಗ್ಗಿರಬೇಕು. ತಳಕ್ಕೆ ಮನೆಯ ಬಟ್ಟೆಯ ಬದಲು, ಮರಿಗಳು ಮಲಗಿದ್ದ ಜಾಗದ ರವದಿಯನ್ನೇ ಹಾಸಬೇಕು. ಅದರಲ್ಲಿ ಅವುಗಳ ವಾಸನೆ ಇರುತ್ತದೆ. ಮರಿಗಳು ಸಿಕ್ಕ ಜಾಗದಲ್ಲೇ, ಹೊತ್ತು ಮುಳುಗುವ ಮುನ್ನ ಬುಟ್ಟಿ ಇಟ್ಟು, ಊರಿನ ನಾಯಿಗಳನ್ನು ಕಟ್ಟಿಹಾಕಿ, ಟಾರ್ಚ್ ಬೆಳಕು ಹಾಯಿಸದೆ ಎಲ್ಲರೂ ದೂರ ಸರಿಯಬೇಕು. ಪ್ರಾಣಿ ಸುಳಿದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇದ್ದರೆ ಇಲಾಖೆಯವರು ಅಳವಡಿಸುತ್ತಾರೆ. ಬೆಳಗಿಗೆ ಒಂದೆರಡು ಮರಿ ಉಳಿದಿದ್ದರೆ ತಾಯಿ ಬಂದಿತ್ತೆಂದು ಅರ್ಥ; ಮತ್ತೊಂದು ರಾತ್ರಿ ಕಾಯಬೇಕು. ಒಂದನ್ನೂ ಒಯ್ಯದಿದ್ದರೂ ಕೈಬಿಡದೆ, ಪಶುವೈದ್ಯರಿಂದ ಪರೀಕ್ಷಿಸಿ ಉಣಿಸಿ ಮರುದಿನ ಸಂಜೆ ಮತ್ತೆ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ನಿಜವಲ್ಲ. ಆದರೂ ಕೈಗವಸು ಬೇಕು, ಕಾರಣ ರೇಬಿಸ್. ಮರಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಚಿಗರಿ (ಕೃಷ್ಣಮೃಗ), ಚಿಂಕಾರ ಎಂಬ ಹುಲ್ಲೆಗಳ ಮರಿಗಳ ವಿಷಯದಲ್ಲಿ ಹೆಚ್ಚಾಗಿ ಮಾಡಬೇಕಾದದ್ದೇನೂ ಇರುವುದಿಲ್ಲ. ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಸುತ್ತಲಿನ ಹೊಲಗಳಲ್ಲಿ ಹುಲ್ಲಿನೊಳಗೆ ಕುತ್ತಿಗೆ ಚಾಚಿ ಅಲುಗಾಡದೆ ಮಲಗಿದ ಮರಿ ಕಂಡರೆ, ಅದನ್ನು ತಾಯಿಯೇ ಅಡಗಿಸಿಟ್ಟಿರುತ್ತದೆ. ದೂರದಲ್ಲಿ ಮೇಯ್ದು ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಮರಿಗೆ ಗಾಯವಿಲ್ಲದಿದ್ದರೆ, ಇರುವೆ ಮುತ್ತಿರದಿದ್ದರೆ ಸುಮ್ಮನೆ ಮುಂದೆ ನಡೆಯಬೇಕು. ಬೆನ್ನಟ್ಟಿ ಹಿಡಿದರೆ ಭಯದ ಆಘಾತದಿಂದಲೇ ಸ್ನಾಯುಗಳು ಹಾಳಾಗಿ ಅದು ಸಾಯಬಹುದು.

ತಾಯಿ ವಾಹನಕ್ಕೋ ತಂತಿಬೇಲಿಯ ಕರೆಂಟಿಗೋ ಸಿಕ್ಕು ಸತ್ತಿದ್ದರೆ, ಮರಿಯ ಮೈ ತಣ್ಣಗಾಗಿ ಒಸಡು ಬಿಳಚಿಕೊಂಡಿದ್ದರೆ ರಕ್ಷಣೆ ಅನಿವಾರ್ಯ. ಗಾಳಿಯಾಡುವ ಕತ್ತಲೆಯ ಡಬ್ಬಿಯಲ್ಲಿಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಂದ ಮೊದಲು ಮೈ ಬೆಚ್ಚಗಾಗಿಸಬೇಕು. ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬಾರದು. ಕನಿಕರದಿಂದ ಹಾಕುವ ಆಕಳ ಹಾಲು ಭೇದಿ ತರುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಕೊಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಇಂಥ ಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದದ್ದನ್ನು 48 ಗಂಟೆಗಳೊಳಗೆ ತಿಳಿಸಲೇಬೇಕು.

ಮುಂದಿನ ಪಾಲನೆ ಇಲಾಖೆಯ ಹೊಣೆ. ಒಬ್ಬಿಬ್ಬರು ಮಾತ್ರ ಉಣಿಸಬೇಕು. ಮುದ್ದಾಟ, ಹೆಸರಿಡುವುದು, ಸೆಲ್ಫಿ ಯಾವುದೂ ಕೂಡದು. ಬಾಟಲಿ ಹಾಲು ಕುಡಿದು ಜನರ ನಡುವೆ ಒಂಟಿಯಾಗಿ ಬೆಳೆದ ಗಂಡು ಚಿಗರಿ ಮನುಷ್ಯರ ಭಯವನ್ನೇ ಕಳೆದುಕೊಂಡು, ಕೋಡು ಬಂದ ಮೇಲೆ ಸಾಕಿದವರನ್ನೇ ತಿವಿಯಬಹುದು. ಬೆಕ್ಕಿನ ಮರಿಗಳನ್ನು ಜೊತೆಯಾಗಿ ಬೆಳೆಸಿ, ತಾವೇ ಬೇಟೆಯಾಡಬಲ್ಲವೆಂದು ಖಚಿತವಾದ ಮೇಲೆ, ಸೋಂಕುರೋಗಗಳ ತಪಾಸಣೆ ಮುಗಿಸಿ ಬಿಡಬೇಕು. ಬಿಡುವ ಜಾಗದಲ್ಲೇ ಬೇಲಿಯ ಆವರಣದಲ್ಲಿ ಕೆಲವು ದಿನ ಇರಿಸಿ, ಒಂದು ಸಂಜೆ ಬಾಗಿಲು ತೆರೆದು, ಅನಂತರವೂ ಅಲ್ಲಿ ಸ್ವಲ್ಪ ಕಾಲ ಆಹಾರ ಇಡುವ ಕ್ರಮ ಒಳ್ಳೆಯದು.

ಕಾಡೆಂದ ಕೂಡಲೇ ಖಾನಾಪುರದ ಭೀಮಗಡ ವನ್ಯಜೀವಿಧಾಮಕ್ಕೆ ಒಯ್ದು ಬಿಡಬೇಕೆಂಬ ಒತ್ತಾಯ ಊರವರಿಂದ ಬರುತ್ತದೆ. ಕುರುಚಲು, ಹುಲ್ಲುಗಾವಲು, ಹೊಲದ ಬದುಗಳಲ್ಲಿ ಬಾಳುವ ಚಿಂಕಾರಕ್ಕೋ ಕಾಡುಬೆಕ್ಕಿಗೋ ಆ ಮಳೆಕಾಡು ಪರದೇಶವೇ ಸರಿ. ಸಿಕ್ಕ ಜಾಗಕ್ಕೆ ಆದಷ್ಟು ಹತ್ತಿರ, ನೀರಿರುವ ಹಳ್ಳದ ದಂಡೆಯಲ್ಲಿ, ಸುತ್ತ ಕಟಾವು ನಡೆಯದ ಸಮಯ ನೋಡಿ ಬಿಡಬೇಕು. ಬಿಟ್ಟ ಪ್ರಾಣಿ ಮನೆಗಳ ಕಡೆಗೇ ಬರತೊಡಗಿದರೆ ಕೂಡಲೇ ಇಲಾಖೆಗೆ ತಿಳಿಸಿ, ಅನ್ನ ಹಾಕಬೇಡಿ.